ಹ್ಯಾರಿಸನ್ ರೈಲಿನಲ್ಲಿ ಹಾಡದ ರೇಡಿಯೊ

ಪಂಚಾಕ್ಷರಿಯವರು ಬಿಚ್ಚದೆ ಬಿಟ್ಟ ರೇಡಿಯೊ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸೋದರಮಾವನ ಟ್ರಾನ್ಸಿಸ್ಟರ್ ಬಿಚ್ಚಿ ಬೈಸಿಕೊಂಡದ್ದು ಎಂಟನೆಯ ವಯಸ್ಸಿಗೆ. ಐವತ್ತಮೂರನೆಯ ವಯಸ್ಸಿನಲ್ಲಿ ಅದೇ ಕೆಲಸಕ್ಕೆ ಅಮೆರಿಕದ ಜರ್ಸಿ ಸಿಟಿಯ ಕಂಪನಿಯೊಂದು ಸಂಬಳ ಕೊಡುತ್ತಿತ್ತು. ಇಂಥ ಸುಖ ಎಷ್ಟು ಜನಕ್ಕಿದೆ, ಹೇಳಿ!

ಎರಡು ಸಾವಿರದ ಒಂಬತ್ತರ ಚಳಿಗಾಲ. ಜೇಬಿನ ಮ್ಯೂಸಿಕ್ ಪ್ಲೇಯರ್‌ಗೆ ಸ್ಯಾಟಲೈಟ್ ರೇಡಿಯೊ ಜೋಡಿಸಬೇಕು, ಕಾರಿನಲ್ಲಿ ಕೇಳುವ ನೂರಾರು ಚಾನೆಲ್ಲುಗಳು ನಡೆದಾಡುವವರ ಕಿವಿಗೂ ಬರಬೇಕು ಎಂಬುದು ಕಂಪನಿಯ ಆಸೆ. ಬೆಂಕಿಪೊಟ್ಟಣದಷ್ಟಿದ್ದ ರಿಸೀವರ್ ಮಾಡಿದವರೂ ಪಂಚಾಕ್ಷರಿಯವರೇ, ದಿನಾ ಅದನ್ನು ಹೊತ್ತು ತಿರುಗಿ ಪರೀಕ್ಷಿಸುವವರೂ ಅವರೇ. ಲ್ಯಾಬಿನ ಕಿಟಕಿಯಲ್ಲಿಟ್ಟರೆ ಅದು ಸೊಗಸಾಗಿ ಹಾಡುತ್ತಿತ್ತು. ತಾವು ವಾಸವಿದ್ದ ಪಕ್ಕದೂರು ಹ್ಯಾರಿಸನ್‌ನ ಬೀದಿಗೆ ಇಳಿದರೆ, ರೈಲು ಬಯಲಿನಲ್ಲಿ ಓಡುವಾಗ ಕಿಟಕಿ ಪಕ್ಕ ಕೂತರೆ, ಗಪ್‌ಚಿಪ್.

ಮೂರು ವಾರ "ಸಿಗ್ನಲ್ ಇಲ್ಲ" ಎಂದೇ ರಿಪೋರ್ಟ್ ಹೋಯಿತು. ಸೋಮವಾರ ಹತ್ತಕ್ಕೆ ಮೀಟಿಂಗ್. ಪ್ರಾಜೆಕ್ಟ್ ಮುಚ್ಚಿದರೆ ಅವರ ನೌಕರಿಯೂ ಹೋದಂತೆಯೇ. ಬ್ಯಾಂಕುಗಳೇ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಈ ವಯಸ್ಸಿನವರನ್ನು ಕರೆದು ಕೂರಿಸುವವರು ಯಾರು? ಹೆಂಡತಿ ಚನ್ನಮ್ಮನಿಗೆ ಅವರು ಇದ್ಯಾವುದನ್ನೂ ಹೇಳಿರಲಿಲ್ಲ. ಅವಳು ಹೆದರುತ್ತಾಳೆ ಎಂಬುದು ನೆಪ, ಹೆದರಿದ್ದವರು ತಾವೇ.

ಭಾನುವಾರ ಚನ್ನಮ್ಮ ಬಿಡಲಿಲ್ಲ. "ಮಾರಿ ಯಾಕ ಸಪ್ಪಗ ಮಾಡ್ಕೊಂಡೀರಿ?" ಎಂದು ಎದುರಿಗೇ ಕೂತಳು. ಎಲ್ಲ ಹೊರಬಂತು.

ಆಕೆ ಕಣ್ಣೀರು ಹಾಕಲಿಲ್ಲ, ಪ್ರಶ್ನೆ ಹಾಕಿದಳು. "ಅದನ್ನ ಎಲ್ಲಿ ಇಟ್ಕೊಂಡು ಹೋಗ್ತೀರಿ?"

"ಚೀಲದಾಗ."

"ಊಟದ ಡಬ್ಬಿ?"

"ಅದೂ ಅದರಾಗ. ಅದರ ಬಾಜೂಕ."

"ಮೈಕ್ರೋವೇವ್‌ನಾಗ ಸ್ಟೀಲ್ ಡಬ್ಬಿ ಇಡಬ್ಯಾಡ ಅಂತ ನನಗ ಪಾಠ ಹೇಳಿದವ್ರು ನೀವ ಅಲ್ರೀ?"

ಪಂಚಾಕ್ಷರಿಯವರು ಹಣೆ ಬಡಿದುಕೊಂಡರು. ಮೂರಂತಸ್ತಿನ ಸ್ಟೀಲ್ ಡಬ್ಬಿ, ರೊಟ್ಟಿಗೆ ಸುತ್ತಿದ ಫಾಯಿಲ್ ಬೇರೆ. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ; ಉಪಗ್ರಹದ ದನಿಗೆ ತಾವೇ ಅಡ್ಡಗೋಡೆ ಕಟ್ಟಿಕೊಂಡು ಮೂರು ವಾರ ಅಲೆದಿದ್ದರು. ಇಪ್ಪತ್ತೈದು ವರ್ಷ ಆಂಟೆನಾ ಜೊತೆ ಬಾಳಿದವರಿಗೆ ಇದು ಹೊಳೆಯಬಾರದಿತ್ತೆ? ಏನು ಮಾಡುವುದು, ಅವರ ಪಾಲಿಗೆ ಡಬ್ಬಿ ಎಂದರೆ ಊಟ, ಲೋಹವಲ್ಲ.

ಸೋಮವಾರ ರಿಸೀವರನ್ನು ಕೋಟಿನ ಮೇಲುಜೇಬಿನಲ್ಲಿಟ್ಟು ಹೊರಟರು. ದಾರಿಯುದ್ದಕ್ಕೂ ಹಾಡಿತು. ರಿಸೀವರಿನ ಚಿಪ್ ಬದಲಾಯಿಸಿ ಸರಿಮಾಡಿದೆ ಎಂದುಬಿಟ್ಟರೆ ಮರ್ಯಾದೆ ಉಳಿಯುತ್ತಿತ್ತು. ಆ ಆಸೆ ಮೆಟ್ಟಿಲು ಹತ್ತುವವರೆಗೂ ಬೆನ್ನು ಬಿಡಲಿಲ್ಲ. ಆದರೆ ಮ್ಯಾನೇಜರ್ ನಂಜುಂಡಸ್ವಾಮಿಯ ಮುಂದೆ ನಿಂತಾಗ ಬಾಯಿಂದ ಬಂದದ್ದು ನಿಜವೇ: "ಸರ್, ತಪ್ಪು ರಿಸೀವರಿನದಲ್ಲ. ನನ್ನ ಊಟದ ಡಬ್ಬೀದು."

ಮೈಸೂರಿನ ನಂಜುಂಡಸ್ವಾಮಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪಂಚಾಕ್ಷರಿಯವರೇ, ಇವತ್ತು ಕೆಲಸ ಕಳ್ಕೊಳ್ಳೋರ ಲಿಸ್ಟ್‌ನಲ್ಲಿ ನನ್ನ ಹೆಸರೂ ಇತ್ತು ಕಣ್ರೀ. ಮನೇಲಿ ಇನ್ನೂ ಹೇಳಿಲ್ಲ."

ಇಬ್ಬರೂ ಕೊರೆಯುವ ಚಳಿಯಲ್ಲಿ ಬೀದಿಗಿಳಿದು ಒಂದೊಂದು ಇಯರ್‌ಫೋನ್ ಹಂಚಿಕೊಂಡು ಅರ್ಧ ಗಂಟೆ ನಡೆದರು. ಹಾಡು ಒಮ್ಮೆಯೂ ಕಡಿಯಲಿಲ್ಲ. ಹತ್ತರ ಮೀಟಿಂಗಿನಲ್ಲಿ ಪ್ರಾಜೆಕ್ಟಿಗೆ ಆರು ತಿಂಗಳ ಜೀವ ಸಿಕ್ಕಿತು.

ಪಂಚಾಕ್ಷರಿಯವರು ಮನೆಗೆ ಫೋನ್ ಮಾಡಿದರು. "ಉಳೀತು," ಎಂದರು.

ಭಾನುವಾರ ಅಳದ ಚನ್ನಮ್ಮ ಈಗ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, "ಮೂರು ವಾರ ನನ್ನ ಬಾಜೂಕ ಮಲಗಿ ಒಬ್ಬರೇ ಹೆದರಿದ್ರಲ್ರೀ," ಎಂದಳು, "ನಾ ಇರೂದು ಬರೇ ರೊಟ್ಟಿ ಬಡಿಯಾಕೇನು?"