ವಾಸ ಎಂದು ಬರೆದ ಅರ್ಜಿ

ಮೊನ್ನೆ ಈ ಕೊಲ್ಲಿ ದೇಶದ ಅಲ್ ಗುಬ್ರಾದಲ್ಲಿ ನಮ್ಮ ಕಟ್ಟಡದ ಗೇಟು ರಿಪೇರಿಗೆಂದು ಯಾರೋ ಕಬ್ಬಿಣ ಕತ್ತರಿಸುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಮೂರನೇ ಮಹಡಿಯ ತನಕ ಬಂತು. ಕಿಟಕಿ ಮುಚ್ಚಲು ಎದ್ದವನು ಹಾಗೇ ನಿಂತುಬಿಟ್ಟೆ. ಲೇತ್ ಮೇಸ್ತ್ರಿ ನೆನಪಾದರು...

ಆಗ ನಾನು ಇದೇ ದೇಶದ ಇಬ್ರಾ ಹತ್ತಿರದ ಒಂದು ಊರಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಹೆಂಡತಿ, ಮಗಳು ಧಾರವಾಡದಲ್ಲಿ. ಶುಕ್ರವಾರದ ರಜೆ ಬಂತೆಂದರೆ ರೂಮಿನಲ್ಲಿ ಕೂರಲಾಗುತ್ತಿರಲಿಲ್ಲ. ಒಮ್ಮೆ ಪಂಪಿನ ಶಾಫ್ಟ್ ಸರಿಮಾಡಿಸಲು ಹೋದಾಗ ಕಾರ್ಕಳದ ಈ ಮೇಸ್ತ್ರಿಯ ಪರಿಚಯವಾಯಿತು. ಊರಂಚಿನ ವರ್ಕ್‌ಶಾಪ್ ಸಾಲಿನಲ್ಲಿ ಅವರದೊಂದು ಶೆಡ್ಡು. ಮುಂದೆ ಲೇತ್ ಮೆಷಿನ್ನು, ಹಿಂದೆ ಹಲಗೆಯ ಮರೆಯಲ್ಲಿ ಮಂಚ, ಒಲೆ. ಮದುವೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲೇ ಕಳೆದಿದ್ದರು. ಶುಕ್ರವಾರ ನನಗೆ ಅವರಲ್ಲೇ ಕುಚ್ಚಲಕ್ಕಿ ಗಂಜಿ, ಚಟ್ನಿ. ರೊಟ್ಟಿ ತಿಂದು ಬೆಳೆದವನಿಗೆ ಇದು ಕಾಯಿಲೆಯವರ ಊಟ ಎಂದು ಛೇಡಿಸುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದರು. ಉಂಡ ಮೇಲೆ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸುಮ್ಮನೆ ಕೂರಲು ಇನ್ನೊಬ್ಬರು ಇದ್ದರೆ ಸಾಕಾಗಿತ್ತು.

ಊರು ಬೆಳೆದು ಶೆಡ್ಡುಗಳ ಬಾಗಿಲಿಗೇ ಬಂತು. ಆ ಸಾಲು ಇನ್ನು ಮನೆಗಳಿಗೆ, ವರ್ಕ್‌ಶಾಪ್‌ಗಳೆಲ್ಲ ಹೆದ್ದಾರಿಯಾಚೆಯ ಹೊಸ ಕೈಗಾರಿಕಾ ಪ್ರದೇಶಕ್ಕೆ ಎಂದು ಆದೇಶವಾಯಿತು. ಅದರಲ್ಲಿ ತಪ್ಪೇನಿರಲಿಲ್ಲ, ಮಕ್ಕಳಿರುವ ಮನೆಯ ಪಕ್ಕ ಗ್ರೈಂಡರ್ ಸದ್ದು ಯಾರಿಗೆ ಬೇಕು? ಲೈಸೆನ್ಸ್ ಸರಿಯಿದ್ದವರು ಅರ್ಜಿ ಹಾಕಿದರೆ ಅಲ್ಲಿ ಶೆಡ್ಡು ಸಿಗುತ್ತಿತ್ತು. ಸಿಗದಿದ್ದರೆ ಅರವತ್ತರ ಹತ್ತಿರವಿದ್ದ ಮೇಸ್ತ್ರಿಗೆ ಗಂಟುಮೂಟೆ ಕಟ್ಟುವುದೊಂದೇ ದಾರಿ. ಅರ್ಜಿಯ ಕೆಲಸವನ್ನು ಅವರು ನನಗೆ ಒಪ್ಪಿಸಿದರು.

ಅರ್ಜಿ ಬರೆಯುವುದರಲ್ಲಿ ನನಗೆ ಭಾರೀ ಜಂಬ. ನಮ್ಮ ಕಡೆ ಒಂದು ಜಾಗದಲ್ಲಿ ಎಷ್ಟು ವರ್ಷದಿಂದ ವಾಸವಿದ್ದೇವೆ ಎಂದು ತೋರಿಸಿದರೆ ಅರ್ಧ ಕೆಲಸ ಆದಂತೆ. ಕರೆಂಟ್ ಬಿಲ್ಲು, ರೇಷನ್ ಕಾರ್ಡು ಹಿಡಿದುಕೊಂಡು ಅಪ್ಪ ಮನೆಯ ಜಾಗ ಸಕ್ರಮ ಮಾಡಿಸಿದ್ದನ್ನು ಕಂಡವನು ನಾನು. ತಲೆಯಲ್ಲಿ ಅದೇ ಇತ್ತು. ಜಾಗದ ಈಗಿನ ಬಳಕೆ ಏನು ಎಂದು ಕೇಳಿದಲ್ಲಿ 'ವರ್ಕ್‌ಶಾಪ್ ಮತ್ತು ಇಪ್ಪತ್ತೆರಡು ವರ್ಷಗಳ ವಾಸ' ಎಂದು ಬರೆದೆ. ಸಾಲದ್ದಕ್ಕೆ ಮಂಚದ ಫೋಟೋವನ್ನೂ ಲಗತ್ತಿಸಿದೆ. ಮೇಸ್ತ್ರಿ ಓದದೆ ಸಹಿ ಹಾಕಿದರು.

ಕೈಗಾರಿಕೆಯ ಜಾಗದಲ್ಲಿ ಯಾರೂ ವಾಸವಿರುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ದಿನಾ ನಕ್ಷೆ ಬಿಡಿಸುವ ನನಗೇ ಗೊತ್ತಿರಲಿಲ್ಲ. ಹತ್ತು ದಿನದಲ್ಲಿ ತಪಾಸಣೆಗೆ ಬಂದರು, ಮಂಚ ನೋಡಿದರು, ಹೋದರು. ಲೈಸೆನ್ಸ್‌ಗೆ ತಡೆ ಬಿತ್ತು. ಆ ಸಾಲಿನ ಪ್ರತಿ ಶೆಡ್ಡಿನಲ್ಲೂ ಯಾರೋ ಒಬ್ಬರು ಮಲಗುತ್ತಿದ್ದರು. ಅವರ್ಯಾರೂ ಅದನ್ನು ಬರೆದುಕೊಟ್ಟಿರಲಿಲ್ಲ, ಅಷ್ಟೇ. ನಾನು ಕಚೇರಿಗೆ ಅಲೆದೆ, ಮತ್ತೊಂದು ಅರ್ಜಿ ಬರೆದೆ. ಲೈಸೆನ್ಸ್ ಯಾರ ಹೆಸರಿನಲ್ಲಿತ್ತೋ ಆ ಕಫೀಲ್, ಅಂದರೆ ಮೇಸ್ತ್ರಿಗೆ ಜಾಮೀನಾಗಿದ್ದ ಅಲ್ಲಿಯವರು, ಒಳ್ಳೆಯ ಮುದುಕ, ಆದರೆ ಕೇಸು ಗೀಸು ಎಂದರೆ ಹೆದರಿಕೆ. ಖಲಾಸ್, ಇನ್ನು ಮುಗಿಯಿತು ಎಂದುಬಿಟ್ಟರು.

ಊರಿಗೆ ಹೊರಟ ಮೇಸ್ತ್ರಿಯನ್ನು ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಅವರು ಬೈಯಲಿ ಎಂದು ಕಾದೆ. ಸೂಟ್‌ಕೇಸ್ ಟ್ರಾಲಿಗೆ ಇಟ್ಟ ಮೇಲೆ ಮೆಲ್ಲಗೆ ಹೇಳಿದರು: "ಸುಳ್ಳು ಬರೀಬೇಕಿತ್ತು ಅಂತ ನಾನು ಹೇಳುದಿಲ್ಲ ಸಾರ್. ಬರೆಯುವ ಮೊದಲು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

ತಪ್ಪಾಯಿತು ಅನ್ನಬೇಕಿತ್ತು. ಟ್ರಾಲಿಯನ್ನು ಬಾಗಿಲ ತನಕ ತಳ್ಳಿಕೊಟ್ಟು ಬಂದೆ. ಮೊದಮೊದಲು ಫೋನ್ ಮಾಡುತ್ತಿದ್ದೆ. ಅದೊಂದು ಮಾತು ಬಿಟ್ಟು ಮಳೆ, ಬೆಳೆ, ಗಂಜಿ ಎಲ್ಲ ಮಾತಾಡುತ್ತಿದ್ದೆ. ಆಮೇಲೆ ಅದೂ ನಿಂತುಹೋಯಿತು...

ನಾನು ಈಗಲೂ ಒಬ್ಬನೇ ಇದ್ದೇನೆ. ಊರು ಬದಲಾಯಿತು, ಶುಕ್ರವಾರಗಳು ಬದಲಾಗಲಿಲ್ಲ. ಮೊನ್ನೆ ಸಂಜೆ ಧೈರ್ಯ ಮಾಡಿ ಆ ಹಳೆಯ ನಂಬರಿಗೆ ಫೋನ್ ಹಚ್ಚಿದೆ. ಅವರ ತಂಗಿ ಎತ್ತಿದರು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದ್ದೇ ತಡ, ಅವರಿಗೆ ಗುರುತು ಸಿಕ್ಕಿತು.

"ಅಣ್ಣ ನಿಮ್ಮ ವಿಷಯ ಯಾವಾಗ್ಲೂ ಹೇಳ್ತಿದ್ರು. ಅರ್ಜಿ ಎಷ್ಟು ಚಂದ ಬರೆದುಕೊಟ್ಟಿದ್ರಂತೆ ನೀವು."

"ಹೌದ್ರೀ" ಅಂದೆ. ಫೋನ್ ಇಟ್ಟೆ.