ಬಾರ್ಬರವ್ವನ ಮೇಣದಬತ್ತಿ

ನಾನು ಯಾದಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಯಾರಾದರೂ ಪವಾಡದ ಮಾತೆತ್ತಿದರೆ ಮೊದಲು ನಗುತ್ತಿದ್ದವಳೂ ನಾನೇ. ಅಂಥವಳು ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತೇನೆ.

ನನ್ನ ತಮ್ಮ ಮಲ್ಲು ಆಗ ಶಹಾಪುರದ ಹತ್ತಿರ ಒಂದು ಕಲ್ಲು ಕ್ವಾರಿಯಲ್ಲಿ ಮೇಸ್ತ್ರಿಯಾಗಿದ್ದ. ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ. ಅಲ್ಲಿ ಮೇಲಂಚಿನ ಗೋಡೆಯ ಗೂಡಿನಲ್ಲಿ ಒಂದು ಪಟವಿತ್ತು, ಕೈಯಲ್ಲಿ ಪುಟ್ಟ ಗೋಪುರ ಹಿಡಿದ ಹುಡುಗಿಯದು. ಸಂತ ಬಾರ್ಬರಾ. ಹಿಂದೆ ಕೂಲಿಯವರ ಮಕ್ಕಳಿಗೆ ಅಕ್ಷರ ಕಲಿಸಲು ಬರುತ್ತಿದ್ದ ಸಿಸ್ಟರ್ ಒಬ್ಬರು ಕೊಟ್ಟು ಹೋದದ್ದಂತೆ. ಏಸುವನ್ನು ನಂಬಿದಳೆಂದು ಹೆತ್ತ ತಂದೆಯೇ ಆ ಹುಡುಗಿಯನ್ನು ಗೋಪುರದಲ್ಲಿ ಕೂಡಿಹಾಕಿದ, ಕೊನೆಗೆ ಕೊಂದ. ಮರಳುವ ದಾರಿಯಲ್ಲಿ ಅವನಿಗೆ ಸಿಡಿಲು ಬಡಿಯಿತು ಎಂಬುದು ಕಥೆ. ಸಿಡಿಮದ್ದಿನ ನಡುವೆ ದುಡಿಯುವವರನ್ನು ಅವಳು ಕಾಯುತ್ತಾಳೆಂದು ಎಷ್ಟೋ ದೇಶಗಳ ಜನ ಇಂದಿಗೂ ನಂಬುತ್ತಾರೆ. ನಮ್ಮವರಿಗೆ ಅಷ್ಟು ಸಾಕಾಯಿತು. ಪಟಕ್ಕೆ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಬಾರ್ಬರವ್ವ ಎಂದು ಕರೆದರು.

ಅವರದೊಂದು ಕಟ್ಟಳೆಯಿತ್ತು. ಮದ್ದಿಗೆ ಕಿಡಿ ಕೊಡುವ ಮುಂಚೆ ಅವ್ವನ ಮುಂದೆ ಮೇಣದಬತ್ತಿಯ ಒಂದು ತುಣುಕು ಹಚ್ಚಬೇಕು. ಅದು ತಾನಾಗಿ ಆರುವವರೆಗೆ ಯಾರೂ ಕೆಳಗೆ ಕ್ವಾರಿಯ ಗುಂಡಿಗೆ ಇಳಿಯುವಂತಿಲ್ಲ. ಕಾಯುವ ಹೊತ್ತು ಅಳೆಯುವ ಬತ್ತಿ ಅದು, ಗಡಿಯಾರಕ್ಕೆ ಕುಂಕುಮ ಹಚ್ಚಿದ್ದೀರಲ್ಲೋ ಎಂದು ನಾನು ತಮ್ಮನನ್ನು ಕಾಡುತ್ತಿದ್ದೆ.

ಇದು ನಡೆದ ದಿನ ಸುರಪುರದಲ್ಲಿ ಅವನ ಹೆಂಡತಿಯ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿ, ತವರಿನಲ್ಲಿ ಹಸಿರು ಸೀರೆ ಉಟ್ಟು ಕಾಯುತ್ತಿದ್ದಳು. ಬಳೆ, ಬುತ್ತಿ ಕಟ್ಟಿಕೊಂಡು ಯಾದಗಿರಿಯಿಂದ ಹೊರಟ ನಾನು ತಮ್ಮನನ್ನು ಕರೆದೊಯ್ಯಲು ಕ್ವಾರಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅವ್ವನ ಮುಂದೆ ಬತ್ತಿ ಹಚ್ಚಿದರು, ಮದ್ದಿಗೆ ಕಿಡಿ ಕೊಟ್ಟರು, ಸದ್ದುಗಳು ಒಂದರ ಹಿಂದೊಂದು ಬಂದವು. ಒಂದು ಸದ್ದು ಕಡಿಮೆಯಾಯಿತೇನೋ ಎಂದು ಯಾರೋ ಅಂದರು. ಎರಡು ಕೂಡಿಯೇ ಬಂದವು ಎಂದ ಮಲ್ಲು. ಇನ್ನು ಅವನು ಇಳಿದು, ಮದ್ದು ತುಂಬಿದ್ದ ಕುಳಿಗಳನ್ನು ನೋಡಿ, ಸೀಟಿ ಊದಿದರೆ ಆ ದಿನದ ಕೆಲಸ ಮುಗಿದಂತೆ. ಆದರೆ ಬತ್ತಿ ಆರಿರಲಿಲ್ಲ.

ತುಣುಕು ಹೆಬ್ಬೆರಳಿನ ಉಗುರಿನಷ್ಟಿತ್ತು. ಗಾಳಿಯೋ, ನನ್ನ ಸೆರಗನ್ನೇ ಹಾರಿಸಿ ಮುಖಕ್ಕೆ ಬಡಿಯುತ್ತಿತ್ತು. ಜ್ವಾಲೆ ಮಾತ್ರ ಅಲುಗಲಿಲ್ಲ.

"ಅಕ್ಕ, ಅಲ್ಲಿ ಕುಬಸ ಮುಗದ ಹೋಗ್ತದ, ಇಲ್ಲಿ ಈ ಬತ್ತಿ ಮುಗಿವಲ್ದು ನೋಡು!" ಎಂದು ಮಲ್ಲು ಬಗ್ಗಿ ಊದಿದ. ಆರಲಿಲ್ಲ. ಗಲ್ಲ ಉಬ್ಬಿಸಿ ಮತ್ತೆ ಊದಿದ. ಕೂಲಿ ಹೆಂಗಸರು ಕಿಸಕ್ಕನೆ ನಕ್ಕರು, ನಾನೂ ನಕ್ಕೆ. ಇನ್ನೊಮ್ಮೆ ಊದಿದಾಗ ಯಾರೂ ನಗಲಿಲ್ಲ.

ಬತ್ತಿ ಹಚ್ಚಿದ್ದ ಕೂಲಿ ಹೆಂಗಸು ಸಿದ್ದಮ್ಮ ಅವನ ತೋಳು ಹಿಡಿದಳು. "ಮೇಸ್ತ್ರೀ, ಅವ್ವ ಬ್ಯಾಡ ಅನ್ನಾಕತ್ತಾಳ. ಸುಮ್ಕ ಕುಂದರ್ರಿ."

"ಬಿಡಬೇ, ಹೊತ್ತಾಗ್ಯದ" ಎಂದು ತೋಳು ಕೊಸರಿಕೊಂಡು ಅವನು ಇಳಿಯಲು ಕಾಲಿಟ್ಟಿದ್ದ, ಅಷ್ಟೆ. ಕೆಳಗೆ ಧಡ್ ಎಂದಿತು! ಕಾಲಡಿಯ ನೆಲ ಜಿಗಿಯಿತು. ಅವನು ಬಗ್ಗಿ ನೋಡಬೇಕಾಗಿದ್ದ ಜಾಗದ ತುಂಬ ಕಲ್ಲಿನ ಚೂರು ಸುರಿದವು. ಮೊದಲು ಸಿಡಿಯದೆ ಉಳಿದಿದ್ದ ಒಂದು ಕುಳಿ ಈಗ ಸಿಡಿದಿತ್ತು.

ನಾನು ತಮ್ಮನನ್ನು ತಬ್ಬಿಕೊಂಡು ಅತ್ತೆ, ಬೈದೆ, ನಕ್ಕೆ. ಆಮೇಲೆ ಗೂಡಿನತ್ತ ತಿರುಗಿದರೆ ಬತ್ತಿ ಆರಿತ್ತು. ಸದ್ದಿನ ಹೊಡೆತಕ್ಕೆ ಆರಿತೆಂದರೆ ಒಪ್ಪುತ್ತೇನೆ. ಆದರೆ ಬೆರಳಿಟ್ಟು ಮುಟ್ಟಿದೆ ನೋಡಿ, ಅಷ್ಟು ಹೊತ್ತು ಉರಿದ ಮೇಣ ತಣ್ಣಗೆ, ಗಟ್ಟಿಯಾಗಿತ್ತು!

ಆಮೇಲೆ ಅಲ್ಲಿಂದಲೇ ಮನೆಗೆ ಬತ್ತಿ ತಂದು, ಅಷ್ಟೇ ತುಣುಕು ಮಾಡಿ, ಟೇಬಲ್ ಫ್ಯಾನಿನ ಮುಂದೆ ಹಚ್ಚಿ ಹಚ್ಚಿ ನೋಡಿದೆ. ಕಣ್ಣು ಪಿಳುಕಿಸುವಷ್ಟರಲ್ಲಿ ಆರಿದವು. ನಾನು ಓದಿದ ಯಾವ ಪಾಠದಲ್ಲೂ ಇದಕ್ಕೆ ಉತ್ತರ ಸಿಕ್ಕಿಲ್ಲ.

ಅಂದು ಬಸುರಿನಲ್ಲಿದ್ದ ಮಲ್ಲುವಿನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಕೇಕ್ ಬರುತ್ತದೆ, ಮೇಣದಬತ್ತಿ ಹಚ್ಚುತ್ತಾರೆ, ಊದಲು ಮಾತ್ರ ಅವಳಪ್ಪ ಬಿಡುವುದಿಲ್ಲ. ಓಣಿಯ ಮಕ್ಕಳೆಲ್ಲ ಬಾಯಿ ಚಪ್ಪರಿಸುತ್ತ ಕಾಯುತ್ತವೆ, ಮೇಣ ಕರಗಿ ಕ್ರೀಮಿನ ಮೇಲೆ ಇಳಿಯುತ್ತದೆ. "ಅತ್ತಿ, ನೀನರ ಹೇಳು ಅಪ್ಪಗ" ಎಂದು ಹುಡುಗಿ ನನ್ನ ಸೆರಗು ಜಗ್ಗುತ್ತಾಳೆ. ವಿಜ್ಞಾನದ ಮೇಡಂ ನಾನು, ಹೇಳಬೇಕಲ್ಲವೇ?

"ತಡಿಯವ್ವ," ಎನ್ನುತ್ತೇನೆ, "ತಾನ ಆರ್ಲಿ."