ಹೆಸರಿಲ್ಲದ ಆನೆ

ಇವತ್ತು ಬೆಳಿಗ್ಗೆ ಹೂವು ತರಲೆಂದು ಸಯ್ಯಾಜಿರಾವ್ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಲದ್ದಿಯ ವಾಸನೆ ಬಡಿಯಿತು. ದಸರಾ ಆನೆಗಳ ತಾಲೀಮು ಶುರುವಾಗಿದೆ ಎಂದು ಮೈಸೂರಿನವರಿಗೆ ಯಾರೂ ಹೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಬಿಸಿ ಲದ್ದಿ ತುಳಿದರೆ ಕಾಲು ಗಟ್ಟಿಯಾಗುತ್ತದೆಂದು ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಕುಣಿದವನು ನಾನು. ಈಗ ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ, ಆ ಮಾತು ಬಿಡಿ.

ಹಾಗೆ ಕುಣಿಸಿದವರು ದೇವರಾಜ ಮೊಹಲ್ಲಾದ ಸರೋಜತ್ತೆ, ಅಪ್ಪನ ಅಕ್ಕ. ದಸರಾ ಆನೆಗಳ ಹೆಸರು, ವಯಸ್ಸು, ಮುನಿಸು ಎಲ್ಲ ಅವರಿಗೆ ನೆಂಟರದ್ದರಷ್ಟೇ ಚೆನ್ನಾಗಿ ಗೊತ್ತು. ರಸ್ತೆಯಂಚಿನಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರು. ಅಂಥವರು ಹಿಂದೊಮ್ಮೆ ಇದ್ದಕ್ಕಿದ್ದಂತೆ, "ಲೋ, ಬಣ್ಣ ಬಳೀದಿರೋ ಆನೆ ನೋಡ್ಬೇಕು ಕಣೋ. ಮೇಲೆ ಯಾರೂ ಕೂತಿರ್ಬಾರ್ದು. ಕಣ್ಮುಚ್ಚೋದ್ರೊಳಗೆ ಅದೊಂದು ಆಗ್ಬುಟ್ರೆ ಸಾಕು" ಎಂದರು. ಎಪ್ಪತ್ತು ದಾಟಿದವರ ಆಸೆ, ಮುಂದೂಡುವಂತಿರಲಿಲ್ಲ.

ಆ ಭಾನುವಾರವೇ ಕಾಡಾನೆಗಳು ಓಡಾಡುವ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಅತ್ತೆಯ ಚೀಲದಲ್ಲಿ ನಮಗೆ ಪುಳಿಯೋಗರೆ, ಆನೆಗೆ ಬೆಲ್ಲ. ಬೆಟ್ಟದ ಬುಡದಲ್ಲಿ ಗಾರ್ಡು, ಕಾಡುಪ್ರಾಣಿಗೆ ಏನೂ ತಿನ್ನಿಸುವಂತಿಲ್ಲವೆಂದು ಬೆಲ್ಲ ಇಳಿಸಿಕೊಂಡ. "ನೆಂಟರ ಮನೆಗೆ ಬರಿಗೈಲಿ ಹೋಗ್ತೀರೇನ್ರೀ ನೀವು?" ಎಂದು ಅತ್ತೆ ಜಗಳಕ್ಕೇ ನಿಂತರು. ಅಲ್ಲಿಂದ ಹತ್ತಿದ ಸರ್ಕಾರಿ ಬಸ್ಸು ಮೇಲೆ ತಲುಪಿದಾಗ ಮಂಜು, ಹಸಿರು ಹುಲ್ಲಿನ ಇಳಿಜಾರು, ದೂರದಲ್ಲಿ ಕಡವೆಗಳ ಹಿಂಡು. ನಾನು ತೋರಿಸಿದ್ದೇ ತೋರಿಸಿದ್ದು. "ಚೆನ್ನಾಗಿದೆ. ಆನೆ ಎಲ್ಲೋ?" ಎಂದರು ಅತ್ತೆ. ಸಮಾಧಾನಕ್ಕೆಂದು ಒಂದು ಬಂಡೆಯನ್ನೇ ಆನೆಯೆಂದು ತೋರಿಸಿ ಬೈಸಿಕೊಂಡೆ. ಇಳಿಯುವ ಬಸ್ಸು ಹತ್ತಿದಾಗ ಅತ್ತೆಯ ಮುಖ ಸಪ್ಪಗಾಗಿತ್ತು. ನನಗೂ ಬೇಜಾರಾಯಿತು.

ಒಂದು ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ರಸ್ತೆ ಪಕ್ಕದಲ್ಲೇ ಸಲಗ! ಬಣ್ಣವಿಲ್ಲ, ಗಂಟೆಯಿಲ್ಲ, ಮೈತುಂಬ ಕೆಮ್ಮಣ್ಣು. ಹುಲ್ಲು ಕಿತ್ತು, ಕಾಲಿಗೆ ಬಡಿದು ಮಣ್ಣು ಉದುರಿಸಿ, ನಿಧಾನವಾಗಿ ತಿನ್ನುತ್ತಿತ್ತು. ಅತ್ತೆ ಕಿಟಕಿಗೆ ಮೂಗು ಒತ್ತಿ, ಅಭ್ಯಾಸದಂತೆ ಕೂಗಲು ಬಾಯಿ ತೆರೆದವರು ತಡವರಿಸಿದರು.

"ಡ್ರೈವರ್ರೇ, ಇವನ ಹೆಸ್ರೇನ್ರೀ?"

"ಕಾಡಾನೆಗೆ ಯಾರಮ್ಮ ಹೆಸ್ರಿಡ್ತಾರೆ? ಸದ್ದು ಮಾಡ್ಬೇಡಿ."

ಬಸ್ಸಿನವರೆಲ್ಲ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ಸಲಗ ಬಸ್ಸಿನತ್ತ ಕಣ್ಣೆತ್ತಿಯೂ ನೋಡದೆ ಪೊದೆಯೊಳಗೆ ನಡೆದುಹೋಯಿತು. ಅತ್ತೆ ಆ ಪೊದೆ ಮರೆಯಾಗುವವರೆಗೂ ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದರು. ಮೈಸೂರಿಗೆ ವಾಪಸು ಬರುವಾಗ ನಂಜನಗೂಡು ದಾಟಿದ ಮೇಲೆ, "ಯಾರು ಕರೆದ್ರೂ ತಿರುಗಿ ನೋಡ್ಬೇಕಾಗಿಲ್ಲ ಕಣೋ ಅವ್ನು" ಎಂದರು. ಮುಖ ಅರಳಿತ್ತು.

ಈ ಬೆಳಿಗ್ಗೆಯೂ ಅವರು ರಸ್ತೆಯಂಚಿನಲ್ಲಿ ತಮ್ಮ ಜಾಗದಲ್ಲೇ ಇದ್ದರು. ಪಕ್ಕಕ್ಕೆ ಹೋಗಿ ನಿಂತೆ. ಆನೆಗಳು ಬಂದವು. ಜನ ಹೆಸರು ಹಿಡಿದು ಕೂಗತೊಡಗಿದರು, ನಾನೂ ಬಾಯಿ ತೆರೆದೆ. ಅತ್ತೆ ಎಲ್ಲಕ್ಕಿಂತ ಮುಂದಿದ್ದ ಆನೆಗೆ ಕೈಮುಗಿದು, ಮನೆಗೆ ಬಂದವರನ್ನು ವಿಚಾರಿಸುವಂತೆ ಮೆಲ್ಲಗೆ ಕೇಳಿದರು:

"ಕಾಡಲ್ಲಿ ನಿಂಗೇನಪ್ಪಾ ಹೆಸ್ರಿತ್ತು?"

ನನ್ನ ಬಾಯಿಗೆ ಬಂದಿದ್ದ ಹೆಸರು ಅಲ್ಲೇ ನಿಂತಿತು. ನಾನೂ ಕೈಮುಗಿದೆ.